ಲ್ಯಾಬಿಗೆ ಲ್ಯಾಪ್‌ಟಾಪ್ ತನ್ನಿ ಎಂದ ಮೇಲೆ: ಹನ್ನೊಂದು ವಾರಗಳ ಕೆಲಸದ ದಿನಚರಿ

ನಮ್ಮ ವಿಭಾಗದ ಕಂಪ್ಯೂಟರ್ ಲ್ಯಾಬಿನಲ್ಲಿ ನಾಲ್ಕು ಸಾಲು, ಸಾಲಿಗೆ ಹತ್ತು ಮೇಜು, ಮೇಜಿಗೊಂದು ಡೆಸ್ಕ್‌ಟಾಪ್. ಒಂಬತ್ತು ವರ್ಷ ದುಡಿದ ಮೇಲೆ ನಲವತ್ತರಲ್ಲಿ ಉಸಿರಾಡುತ್ತಿದ್ದವು 29. ಒಂದು ತಂಡದಲ್ಲಿ 36 ವಿದ್ಯಾರ್ಥಿಗಳು. ಏಳು ಯಂತ್ರ ಕಡಿಮೆ ಬಿದ್ದರೆ ಏಳು ಕಡೆ ಇಬ್ಬರಿಗೊಂದು ಯಂತ್ರ. ಒಬ್ಬ ಟೈಪ್ ಮಾಡುತ್ತಾನೆ, ಇನ್ನೊಬ್ಬ ಕಿಟಕಿ ನೋಡುತ್ತಾನೆ. ಹಾಗೆ ಕಿಟಕಿ ನೋಡುವವನ ಚೀಲದಲ್ಲಿ ನಮ್ಮ ಯಾವ ಡೆಸ್ಕ್‌ಟಾಪಿಗಿಂತಲೂ ಚುರುಕಾದ ಲ್ಯಾಪ್‌ಟಾಪ್ ಸುಮ್ಮನೆ ಮಲಗಿರುತ್ತದೆ. ಹೊಸ ಯಂತ್ರಗಳಿಗೆ ಬರೆದ ಅರ್ಜಿ ಮೂರನೆಯ ವರ್ಷವೂ ಮೇಜಿನಿಂದ ಮೇಜಿಗೆ ಹೋಗಿ ವಾಪಸ್ ಬಂದಾಗ, ತಮ್ಮದೇ ಲ್ಯಾಪ್‌ಟಾಪ್ ತರಲು ಹೇಳೋಣ ಎಂದು ನಾನೇ ಸಭೆಯಲ್ಲಿ ಬಾಯಿಬಿಟ್ಟೆ. ಎರಡು ವಾರದಲ್ಲಿ ಮುಗಿಯುವ ಕೆಲಸ ಎಂದೂ ಸೇರಿಸಿದೆ. ಹನ್ನೊಂದು ವಾರ ಹಿಡಿಯಿತು. ಆದದ್ದನ್ನು ಆದ ಕ್ರಮದಲ್ಲೇ ಬರೆದಿಟ್ಟಿದ್ದೇನೆ.

ಕೈಯಲ್ಲಿದ್ದ ಸಾಮಾನು: ಅಳತೆ ಟೇಪು, ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್ ಮೀಟರ್, ಸ್ಕ್ರೂಡ್ರೈವರ್ ಸೆಟ್, ಕೇಬಲ್ ಟೈ, ಬೈಂಡರ್ ಕ್ಲಿಪ್ಪುಗಳ ಒಂದು ಡಬ್ಬಿ, ವಿಭಾಗದಲ್ಲಿ ಮೊದಲೇ ಇದ್ದ 16 ಕೋರ್, 64 ಜಿಬಿ ರ‍್ಯಾಮ್‌ನ ಒಂದು ಸರ್ವರ್. ವಿದ್ಯುತ್ ಪೆಟ್ಟಿಗೆಯೊಳಗಿನ ಯಾವ ಕೆಲಸಕ್ಕೂ ನಾನು ಕೈ ಹಾಕಲಿಲ್ಲ. ಅದಕ್ಕೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಬಂದರು.

ಹಂತ 1: ಪ್ಲಗ್ ಪಾಯಿಂಟ್ (ವಾರ 1 ಮತ್ತು 2)

ರಜೆಯಲ್ಲೇ ಶುರು ಮಾಡಿದೆ. ಹಿಂದಿನ ಸಾಲಿನಲ್ಲಿ ಗಟ್ಟಿಯಾಗಿದ್ದ ಹತ್ತು ಡೆಸ್ಕ್‌ಟಾಪ್ ಉಳಿಸಿ, ಮುಂದಿನ ಮೂರು ಸಾಲುಗಳ ಮೂವತ್ತು ಮೇಜುಗಳಿಂದ ಸಿಪಿಯು ಪೆಟ್ಟಿಗೆಗಳನ್ನು ತೆಗೆದೆ. ಮಾನಿಟರ್‌ಗಳನ್ನು ಬಿಟ್ಟೆ, ನಲವತ್ತರಲ್ಲಿ ಸತ್ತಿದ್ದವು ಮೂರೇ. ಈ ಸಾಲುಗಳ ವಿಂಗಡಣೆ ದೊಡ್ಡ ತಪ್ಪು ಎಂಬುದು ತಿಳಿದದ್ದು ಎಂಟನೆಯ ವಾರದಲ್ಲಿ. ಅದನ್ನು ಆಮೇಲೆ ಹೇಳುತ್ತೇನೆ.

ಸಹೋದ್ಯೋಗಿಗಳ ಮತ್ತು ಪರಿಚಯದ ವಿದ್ಯಾರ್ಥಿಗಳ 15 ಲ್ಯಾಪ್‌ಟಾಪ್‌ಗಳನ್ನು ಮೀಟರಿಗೆ ಹಾಕಿ ಅಳೆದೆ. ಬ್ಯಾಟರಿ ಇಳಿದಿದ್ದಾಗ 45ರಿಂದ 62 ವ್ಯಾಟ್, ತುಂಬಿದ ಮೇಲೆ 15ರಿಂದ 25. ಆಟಕ್ಕೆಂದೇ ಮಾಡಿದ ಒಂದು ಲ್ಯಾಪ್‌ಟಾಪ್ ಮಾತ್ರ 168 ಮುಟ್ಟಿತು. ಹಳೆಯ ಡೆಸ್ಕ್‌ಟಾಪ್ ಮಾನಿಟರ್ ಸಮೇತ 95 ವ್ಯಾಟ್ ತಿನ್ನುತ್ತಿತ್ತು. ಸರಾಸರಿ 40ರಂತೆ 34 ಲ್ಯಾಪ್‌ಟಾಪಿಗೆ 1,360, ಹತ್ತು ಡೆಸ್ಕ್‌ಟಾಪಿಗೆ 950, ಒಟ್ಟು 2,310 ವ್ಯಾಟ್. ಮೊದಲಿನ 2,755ಕ್ಕಿಂತ ಕಡಿಮೆ. ವೈರಿಂಗ್ ಮುಟ್ಟುವ ಅಗತ್ಯವೇ ಇಲ್ಲ ಎಂದು ಪುಸ್ತಕದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಮೊದಲ ಪ್ರಯತ್ನ: ಸಾಲಿಗೊಂದು ಹತ್ತು ಸಾಕೆಟ್‌ಗಳ ಎಕ್ಸ್‌ಟೆನ್ಷನ್ ಬೋರ್ಡು, ಮೇಜಿನ ಕೆಳಗೆ. ಹತ್ತು ಸಾಕೆಟ್, ಹತ್ತು ಜನ, ಲೆಕ್ಕ ಸರಿಯಾಗಿದೆ. ಆದರೆ ಸಾಕೆಟ್‌ನಿಂದ ಸಾಕೆಟ್‌ಗೆ ಅಂತರ 4.5 ಸೆಂಟಿಮೀಟರ್, ನೇರವಾಗಿ ಗೋಡೆಗೆ ಸಿಕ್ಕಿಸುವ ಚಾರ್ಜರಿನ ಅಗಲ 6.5ರಿಂದ 7. ಒಂದು ಚಾರ್ಜರ್ ಕೂತರೆ ಪಕ್ಕದ ಸಾಕೆಟ್ ಮುಚ್ಚಿಹೋಗುತ್ತದೆ. ಹತ್ತರ ಬೋರ್ಡಿನಲ್ಲಿ ಆರಕ್ಕಿಂತ ಹೆಚ್ಚು ಹಿಡಿಯಲಿಲ್ಲ. ಉಳಿದ ನಾಲ್ವರಿಗಾಗಿ ಬೋರ್ಡಿಗೆ ಇನ್ನೊಂದು ಬೋರ್ಡು ಸಿಕ್ಕಿಸಿದೆ. ಎಲೆಕ್ಟ್ರಿಷಿಯನ್ ಬಂದವರು ಅದನ್ನು ನೋಡಿ ಒಂದು ಮಾತೂ ಆಡದೆ ಕಿತ್ತು ಕಿಟಕಿಯ ಮೇಲಿಟ್ಟರು.

ಎರಡನೆಯ ಪ್ರಯತ್ನ ಈಗಲೂ ಇದೆ: ಮೇಜಿನ ಹಿಂಬದಿಯ ಅಂಚಿನ ಮೇಲೆ ಉದ್ದಕ್ಕೂ ಕೇಬಲ್ ಚಾನಲ್, ಪ್ರತಿ ಆಸನಕ್ಕೂ ಎರಡು ಸಾಕೆಟ್, ನಡುವೆ 11 ಸೆಂಟಿಮೀಟರ್. ಬಗ್ಗಿ ಹುಡುಕುವ ಕೆಲಸವಿಲ್ಲ, ನಡೆಯುವ ದಾರಿಯಲ್ಲಿ ವೈರಿಲ್ಲ. ಇಡೀ ಯೋಜನೆಯಲ್ಲಿ ದುಡ್ಡು ಅತಿ ಹೆಚ್ಚು ಖರ್ಚಾದದ್ದು ಇದಕ್ಕೇ, ಸಾರ್ಥಕವಾದದ್ದೂ ಇಲ್ಲೇ.

ತರಗತಿಯ ಮೊದಲ ದಿನ, ಬೆಳಿಗ್ಗೆ 10:20. ಎಲ್ಲರೂ ಚಾರ್ಜರ್ ಸಿಕ್ಕಿಸುತ್ತಿದ್ದಾರೆ. ಟಪ್ ಎಂದಿತು, ಇಡೀ ಕೋಣೆಯ ವಿದ್ಯುತ್ ಹೋಯಿತು. ಬಿದ್ದ ಸ್ವಿಚ್ಚನ್ನು ಮೇಲೆತ್ತಿದರೆ ನಿಮಿಷವೂ ನಿಲ್ಲಲಿಲ್ಲ. ಹೊರೆ ಹೆಚ್ಚಾಯಿತು ಎಂದು ನಾಲ್ವರಿಗೆ ಚಾರ್ಜರ್ ತೆಗೆಯಲು ಹೇಳಿದೆ, ನಿಂತಿತು. ಐದನೆಯವನು ಮೊಬೈಲ್ ಚಾರ್ಜರ್ ಹಾಕಿದ, ಮತ್ತೆ ಟಪ್. ಹತ್ತು ವ್ಯಾಟಿನ ಚಾರ್ಜರಿಗೆ ಬೀಳುವ ಹೊರೆ ಎಂಥದ್ದು ಎಂದು ನನಗೆ ಅರ್ಥವಾಗಲಿಲ್ಲ.

ಬೀಳುತ್ತಿದ್ದದ್ದು ಹೊರೆ ಹೆಚ್ಚಾದರೆ ಬೀಳುವ ಸ್ವಿಚ್ಚಾದ ಎಂಸಿಬಿಯೇ ಅಲ್ಲ, ಪಕ್ಕದಲ್ಲಿದ್ದ ಆರ್‌ಸಿಸಿಬಿ. ಅದು ನೋಡುವುದು ಹೊರೆಯನ್ನಲ್ಲ, ಸೋರಿಕೆಯನ್ನು. ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ ಅದು ಬೀಳಲೇಬೇಕು. ಅರ್ಧ ದಾಟಿದ ಮೇಲೆ ಎಲ್ಲಿ ಬೇಕಾದರೂ ಬೀಳಬಹುದು. ಭೂಮಿಯ (ಅರ್ಥಿಂಗ್) ಪಿನ್ ಇರುವ ಚಾರ್ಜರುಗಳೊಳಗೆ ವಿದ್ಯುತ್ತಿನ ಗದ್ದಲ ತಡೆಯುವ ಚಿಕ್ಕ ಕೆಪಾಸಿಟರುಗಳಿರುತ್ತವೆ. ಎಲ್ಲವೂ ಸರಿಯಾಗಿರುವಾಗಲೂ ಅವು ಒಂದಿಷ್ಟು ವಿದ್ಯುತ್ತನ್ನು ಭೂಮಿಗೆ ಬಿಡುತ್ತವೆ. ಎಲೆಕ್ಟ್ರಿಷಿಯನ್ ಸೋರಿಕೆ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿ ತೋರಿಸಿದರು: ಡೆಸ್ಕ್‌ಟಾಪಿಗೆ ಸುಮಾರು 0.7, ಲ್ಯಾಪ್‌ಟಾಪ್ ಚಾರ್ಜರಿಗೆ ಸುಮಾರು 0.5 ಮಿಲಿಆಂಪಿಯರ್. ಎಲ್ಲ ಸೇರಿ 24. ಇಡೀ ಕೋಣೆಗೆ ಇದ್ದದ್ದು ಒಂದೇ ಆರ್‌ಸಿಸಿಬಿ. ಮುಂಚೆಯೂ 29 ಡೆಸ್ಕ್‌ಟಾಪ್‌ಗಳ ಕಾಲದಲ್ಲಿ ಅಪರೂಪಕ್ಕೊಮ್ಮೆ ಬೀಳುತ್ತಿತ್ತು. ಅಂದೆಲ್ಲ ನಾವು ಪಾಪದ ಎಸಿಯನ್ನು ಬೈದದ್ದೇ ಬಂತು.

ಪರಿಹಾರ: ಸಾಲಿಗೊಂದರಂತೆ ನಾಲ್ಕು ಆರ್‌ಸಿಸಿಬಿ. ಒಂದು ಭಾನುವಾರದ ಕೆಲಸ. ಆಮೇಲೆ ಯಾವ ಸಾಲಿನಲ್ಲೂ ಸೋರಿಕೆ 10 ಮಿಲಿಆಂಪಿಯರ್ ದಾಟಿಲ್ಲ. ಎರಡು ಗೆರೆ ಎಳೆದಿದ್ದ ಆ ಪುಟವನ್ನು ಹರಿದಿಲ್ಲ, ಇಟ್ಟುಕೊಂಡಿದ್ದೇನೆ.

ಹಂತ 2: ವೈಫೈ (ವಾರ 3)

ಕೋಣೆ 12 ಮೀಟರ್ ಉದ್ದ, 9 ಅಗಲ. ವೈಫೈ ಪ್ರಸಾರ ಮಾಡುವ ಹಳೆಯ ಪೆಟ್ಟಿಗೆ, ಅಂದರೆ ಆಕ್ಸೆಸ್ ಪಾಯಿಂಟ್, ಹೊರಗಿನ ಹಜಾರದಲ್ಲಿತ್ತು. ಚಾವಣಿಯ ಎರಡು ತುದಿಗೆ ಎರಡು ಹೊಸದನ್ನು ಹಾಕಿಸಿ, ಪ್ರಸಾರದ ಶಕ್ತಿ ತಗ್ಗಿಸಿ, ಒಂದರಲ್ಲಿ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಪೂರ್ತಿ ಆಫ್ ಮಾಡಿದೆ. ಆ ತರಂಗಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನಲ್‌ಗಳು 1, 6, 11, ಮೂರೇ. ಅಕ್ಕಪಕ್ಕದ ಕೋಣೆಗಳವರು ಆ ಮೂರನ್ನೂ ಆಗಲೇ ಹಂಚಿಕೊಂಡಿದ್ದರು. ಇಷ್ಟು ಸಲೀಸಾಗಿ ಆಯಿತು.

ಮೊದಲ ತಂಡ ಬಂತು. ಕೊನೆಗೆ ಬಂದ ಇಬ್ಬರನ್ನು ಬಿಟ್ಟು ಎಲ್ಲರಿಗೂ ಸಂಪರ್ಕ ಸಿಕ್ಕಿತು. ಮಧ್ಯಾಹ್ನ ಎರಡನೆಯ ತಂಡ ಬಂತು, ಒಬ್ಬರಿಗೂ ಸಿಗಲಿಲ್ಲ. ವೈಫೈ ಗುರುತು ಪೂರ್ತಿ ತುಂಬಿದೆ, ಪಾಸ್‌ವರ್ಡ್ ಒಪ್ಪುತ್ತಿದೆ, ಪುಟ ತೆರೆಯುವುದಿಲ್ಲ. ನಾನು ಆಕ್ಸೆಸ್ ಪಾಯಿಂಟ್ ಎರಡನ್ನೂ ಮೂರು ಸಲ ಆರಿಸಿ ಹಚ್ಚಿದೆ. ಏಣಿ ಹತ್ತಿ ಕೇಬಲ್ ಬದಲಾಯಿಸಿದೆ. ಕಡೆಗೆ ಒಬ್ಬನ ಲ್ಯಾಪ್‌ಟಾಪಿನ ಐಪಿ ವಿಳಾಸ (ಜಾಲದಲ್ಲಿ ಯಂತ್ರಕ್ಕೆ ಸಿಗುವ ಸಂಖ್ಯೆ) ನೋಡಿದರೆ 169.254ರಿಂದ ಶುರುವಾಗುತ್ತಿತ್ತು. ಅಂದರೆ ವಿಳಾಸ ಕೊಡುವವರು ಯಾರೂ ಸಿಗದೆ ಯಂತ್ರ ತನಗೆ ತಾನೇ ಒಂದನ್ನು ಇಟ್ಟುಕೊಂಡಿತ್ತು. ಅಷ್ಟನ್ನು ಮೊದಲೇ ನೋಡಿದ್ದರೆ ಏಣಿ ಹತ್ತುವುದು ತಪ್ಪುತ್ತಿತ್ತು.

ಲ್ಯಾಬಿನ ಜಾಲಕ್ಕೆ ಇದ್ದ ವಿಳಾಸಗಳು 62. ನಲವತ್ತು ಡೆಸ್ಕ್‌ಟಾಪಿನ ಕಾಲಕ್ಕೆ ಅದೇ ಧಾರಾಳ. ಈಗ 34 ಲ್ಯಾಪ್‌ಟಾಪ್, ಜೊತೆಗೆ ಜೇಬಿನೊಳಗಿಂದಲೇ ಸೇರಿಕೊಂಡ ಮೂವತ್ತು ಮೊಬೈಲ್. ಒಮ್ಮೆ ಕೊಟ್ಟ ವಿಳಾಸವನ್ನು, ಅವನ್ನು ಹಂಚುವ ಡಿಎಚ್‌ಸಿಪಿ ಸರ್ವರ್ 24 ಗಂಟೆ ಬೇರೆಯವರಿಗೆ ಕೊಡುತ್ತಿರಲಿಲ್ಲ. ಬೆಳಗಿನ ತಂಡದವರು ಮನೆಗೆ ಹೋದ ಮೇಲೂ ಅವರ ಜಾಗ ಖಾಲಿಯಾಗಿರಲಿಲ್ಲ. ಹೊಸ ಮೊಬೈಲ್‌ಗಳು ಜಾಲಕ್ಕೊಂದು ಹುಸಿ ಮ್ಯಾಕ್ ವಿಳಾಸ (ಯಂತ್ರದ ಗುರುತು ಸಂಖ್ಯೆ) ಕಟ್ಟಿಕೊಂಡು ಬರುವುದರಿಂದ, ಜಾಲವನ್ನು ಅಳಿಸಿ ಮತ್ತೆ ಸೇರಿದವರಲ್ಲಿ ಕೆಲವರು ಲೆಕ್ಕದಲ್ಲಿ ಎರಡೆರಡು ಸಲ ಇದ್ದರು. ವಿಳಾಸಗಳನ್ನು 510ಕ್ಕೆ ಏರಿಸಿ, ಅವಧಿಯನ್ನು 2 ಗಂಟೆಗೆ ಇಳಿಸಿದೆ. ಹತ್ತು ನಿಮಿಷದ ಕೆಲಸ. ಕಾರಣ ಹುಡುಕಲು ಹೋದದ್ದು ಮೂರೂವರೆ ಗಂಟೆ.

ಇಲ್ಲೇ ಇನ್ನೊಂದು. ವಿದ್ಯಾರ್ಥಿಗಳ ಯಂತ್ರಗಳಲ್ಲಿ ಏನೇನು ಇರುತ್ತದೋ ಎಂಬ ಭಯದಿಂದ ಒಂದು ಲ್ಯಾಪ್‌ಟಾಪ್ ಇನ್ನೊಂದರ ಜೊತೆ ನೇರವಾಗಿ ಮಾತಾಡದಂತೆ ಆಕ್ಸೆಸ್ ಪಾಯಿಂಟಿನಲ್ಲಿ ತಡೆ ಹಾಕಿದ್ದೆ. ಒಳ್ಳೆಯ ಅಭ್ಯಾಸವೇ. ಎರಡು ವಾರದ ಮೇಲೆ ಹಿರಿಯ ವರ್ಷದವರ ಸಾಕೆಟ್ ಪ್ರೋಗ್ರಾಮಿಂಗ್ (ಜಾಲದ ಮೂಲಕ ಪ್ರೋಗ್ರಾಂಗಳು ಮಾತಾಡುವಂತೆ ಬರೆಯುವ) ತರಗತಿ: ಒಬ್ಬರ ಯಂತ್ರ ಸರ್ವರ್, ಪಕ್ಕದವರದು ಕ್ಲೈಂಟ್. ಒಂದು ಜೋಡಿಗೂ ಸಂಪರ್ಕವಾಗಲಿಲ್ಲ. ವಿಂಡೋಸ್ ಫೈರ್‌ವಾಲ್ ಇರಬೇಕು ಎಂದು ಒಬ್ಬೊಬ್ಬರ ಯಂತ್ರದಲ್ಲೂ ಅದನ್ನು ಸಡಿಲಿಸುತ್ತ ಒಂದು ಗಂಟೆ ಸುತ್ತಿದೆ. ನಾನೇ ಹಾಕಿದ ತಡೆ ನನಗೇ ಮರೆತುಹೋಗಿತ್ತು. ಈಗ ಆ ತರಗತಿಗಾಗಿ ಯಂತ್ರಗಳನ್ನು ಕೇಬಲ್‌ನಿಂದ ಜೋಡಿಸುವ ಹಳೆಯ ನೆಟ್‌ವರ್ಕ್ ಸ್ವಿಚ್ಚೊಂದನ್ನು ಕಪಾಟಿನಿಂದ ಇಳಿಸಿ ಕೇಬಲ್ ಎಳೆದುಕೊಳ್ಳುತ್ತೇವೆ. ತಡೆ ಹಾಗೆಯೇ ಇದೆ. ಸಡಿಲಿಸಿದ್ದ ಫೈರ್‌ವಾಲ್‌ಗಳನ್ನು ಮತ್ತೆ ಬಿಗಿ ಮಾಡಿಸಲು ಇನ್ನೊಂದು ಅರ್ಧ ಗಂಟೆ ಹೋಯಿತು.

ಹಂತ 3: ಎಲ್ಲರಿಗೂ ಒಂದೇ ಯಂತ್ರ ಎಂಬ ಹಟ (ವಾರ 4 ಮತ್ತು 5)

ಹನ್ನೊಂದರಲ್ಲಿ ಎರಡು ವಾರ ಪೂರ್ತಿ ವ್ಯರ್ಥವಾದದ್ದು ಇಲ್ಲಿ.

ಹಳೆಯ ಲ್ಯಾಬಿನಲ್ಲಿ ಎಲ್ಲ ಡೆಸ್ಕ್‌ಟಾಪುಗಳೂ ಒಂದೇ ಅಚ್ಚಿನವು: ಅದೇ ಲಿನಕ್ಸ್, ಅದೇ ಕಂಪೈಲರ್, ಅದೇ ಫೋಲ್ಡರ್. ಲ್ಯಾಪ್‌ಟಾಪ್‌ಗಳಲ್ಲಿ ಮೂವತ್ತನಾಲ್ಕು ಬಗೆ. ಅವನ್ನೆಲ್ಲ ಒಂದೇ ಅಚ್ಚಿಗೆ ಹಾಕಬೇಕೆಂದು ವರ್ಚುವಲ್‌ಬಾಕ್ಸಿನಲ್ಲಿ ಲಿನಕ್ಸ್ ಯಂತ್ರವೊಂದನ್ನು, ಅಂದರೆ ಲ್ಯಾಪ್‌ಟಾಪಿನೊಳಗೆ ತಂತ್ರಾಂಶವಾಗಿ ಓಡುವ ಇನ್ನೊಂದು ಕಂಪ್ಯೂಟರನ್ನು, ಚೆಂದಕ್ಕೆ ಕಟ್ಟಿದೆ. ಹಿನ್ನೆಲೆ ಚಿತ್ರದಲ್ಲಿ ವಿಭಾಗದ ಹೆಸರು ಕೂಡ ಹಾಕಿದ್ದೆ. ಫೈಲಿನ ಗಾತ್ರ 7.2 ಜಿಬಿ.

ವೈಫೈ ಮೇಲೆ ಇಳಿಸಿಕೊಳ್ಳಿ ಎಂದೆ. 34 ಜನ, ತಲಾ 7.2 ಜಿಬಿ, ಸುಮಾರು 245 ಜಿಬಿ. ಎಲ್ಲರೂ ಒಟ್ಟಿಗೆ ಎಳೆದಾಗ ಕೋಣೆಗೆ ಸೇರಿ ಸಿಗುತ್ತಿದ್ದ ವೇಗ ಸೆಕೆಂಡಿಗೆ 300 ಮೆಗಾಬಿಟ್‌ನ ಆಸುಪಾಸು. ಭಾಗಿಸಿ ನೋಡಿದರೆ ಒಂದು ಗಂಟೆ ಐವತ್ತು ನಿಮಿಷ. ತರಗತಿ ಇರುವುದೇ ಎರಡು ಗಂಟೆ. ಈ ಭಾಗಾಕಾರವನ್ನು ನಾನು ಮಾಡಿದ್ದು ತರಗತಿ ಮುಗಿದ ಮೇಲೆ.

ಮರುದಿನ ಎಂಟು ಪೆನ್‌ಡ್ರೈವ್ ತಂದೆ, ಎಲ್ಲವೂ 16 ಜಿಬಿಯವು. ನಕಲು ಮಾಡಲು ಹೋದರೆ ಫೈಲು ತೀರಾ ದೊಡ್ಡದಾಯಿತು ಎಂಬ ಸಂದೇಶ. ಪೆನ್‌ಡ್ರೈವಿನಲ್ಲಿ 14 ಜಿಬಿಗೂ ಹೆಚ್ಚು ಜಾಗ ಖಾಲಿ ಕಾಣುತ್ತಿದೆ! ಅವು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದವು. ಅದರಲ್ಲಿ ಒಂದೊಂದು ಫೈಲೂ 4 ಜಿಬಿಗಿಂತ ಕಡಿಮೆ ಇರಬೇಕು. ಎಕ್ಸ್‌ಫ್ಯಾಟ್‌ಗೆ ಬದಲಾಯಿಸಿದ ಮೇಲೆ ಹೋಯಿತು. ಎಂಟರಲ್ಲಿ ಒಂದು ಪೆನ್‌ಡ್ರೈವ್ ಬರೆದದ್ದನ್ನು ಕೆಡಿಸುತ್ತಿತ್ತು. ಮೂಲ ಫೈಲಿನ ಎಸ್‌ಎಚ್‌ಎ-256 ಮೊತ್ತವನ್ನು (ಫೈಲು ಒಂಚೂರು ಬದಲಾದರೂ ಬೇರೆಯಾಗುವ ಬೆರಳಚ್ಚಿನಂಥದ್ದು) ಬೋರ್ಡಿನ ಮೇಲೆ ಬರೆದು ಹೋಲಿಸಲು ಹೇಳಿದ್ದರಿಂದ ಸಿಕ್ಕಿಬಿದ್ದಿತು. ಆ ವಾರ ನಾನು ಮಾಡಿದ ಒಂದೇ ಬುದ್ಧಿವಂತಿಕೆಯ ಕೆಲಸ ಅದು.

ಆಮೇಲೆ ಯಂತ್ರ ಎಷ್ಟು ಕಡೆ ಎದ್ದಿತು? ಮೊದಲ ತಂಡದ 36 ಜನರ ಲೆಕ್ಕ: ಮೊದಲ ಸಲಕ್ಕೇ ಓಡಿದ್ದು 19. ಬಯಾಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗುಗಳಲ್ಲಿ) ವರ್ಚುವಲೈಸೇಶನ್, ಅಂದರೆ ಇಂಥ ಒಳಯಂತ್ರ ಓಡಿಸುವ ಸೌಲಭ್ಯ, ಆಫ್ ಆಗಿದ್ದದ್ದು 6. ಒಂದೊಂದು ಕಂಪನಿಯ ಬಯಾಸ್‌ಗೆ ಒಂದೊಂದು ಕೀಲಿ, ಒಂದೊಂದು ಹೆಸರು. ಬಿಚ್ಚಿಕೊಂಡಾಗ 40 ಜಿಬಿ ಬೇಡುವ ಡಿಸ್ಕಿಗೆ ಜಾಗವಿಲ್ಲದ್ದು 3. ರ‍್ಯಾಮ್ 4 ಜಿಬಿ ಮಾತ್ರ ಇದ್ದು ಉಸಿರುಗಟ್ಟಿದ್ದು 2. ಆಪಲ್ ತನ್ನದೇ ಎಂ1 ಚಿಪ್ಪನ್ನು 2020ರ ನವೆಂಬರಿನಲ್ಲಿ ತಂದ ಮೇಲಿನ ಮ್ಯಾಕ್‌ಬುಕ್‌ಗಳು 4. ಇಂಟೆಲ್ ಜಾತಿಯ ಪ್ರೊಸೆಸರಿಗೆಂದು ಕಟ್ಟಿದ ನನ್ನ ಯಂತ್ರವನ್ನು ಅವು ಒಲ್ಲೆವೆಂದವು. ಲ್ಯಾಪ್‌ಟಾಪೇ ಇಲ್ಲದವರು 2.

ಬಯಾಸ್ ಸರಿಪಡಿಸಲು ಹೋಗಿ ಒಬ್ಬನ ಯಂತ್ರದಲ್ಲಿ ಡಿಸ್ಕಿನ ಎನ್‌ಕ್ರಿಪ್ಷನ್ ಎಚ್ಚೆತ್ತುಕೊಂಡು 48 ಅಂಕಿಗಳ ರಿಕವರಿ ಕೀ ಕೇಳಿತು. ಅದು ಅವನ ಬಳಿ ಇರಲಿಲ್ಲ. ಅವನ ಖಾತೆಯಲ್ಲಿ ಹುಡುಕಿ ತೆಗೆಯುವವರೆಗಿನ ನಲವತ್ತು ನಿಮಿಷ ನನ್ನ ಅಂಗೈ ಬೆವರುತ್ತಿತ್ತು. ಅವನ ಮೂರು ವರ್ಷದ ಫೋಟೊ, ಟಿಪ್ಪಣಿ ಎಲ್ಲ ಅದರೊಳಗೆ. ವಿಶ್ವವಿದ್ಯಾಲಯದ ಡೆಸ್ಕ್‌ಟಾಪ್ ಕೆಟ್ಟರೆ ಫಾರ್ಮ್ಯಾಟ್ ಮಾಡಿ ಎದ್ದುಹೋಗುವ ಧೈರ್ಯ ನನಗಿದೆ. ಇದು ಇನ್ನೊಬ್ಬರ ಮನೆಯ ಪೆಟ್ಟಿಗೆ. ಅಂದು ಸಂಜೆ ಪುಸ್ತಕದಲ್ಲಿ ಬರೆದುಕೊಂಡೆ: ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲಿ ಏನನ್ನೂ ಕಡ್ಡಾಯವಾಗಿ ಹಾಕಿಸುವುದಿಲ್ಲ, ಬಯಾಸ್ ಮುಟ್ಟುವುದಿಲ್ಲ. ಇಲ್ಲಿಂದ ಮುಂದಿನ ಕೆಲಸವೆಲ್ಲ ಆ ಸಾಲಿನ ಮೇಲೆ ನಿಂತಿದೆ.

ಹಂತ 4: ಬ್ರೌಸರ್ ಸಾಕು (ವಾರ 6)

ಸರ್ವರಿನಲ್ಲಿ ಜುಪಿಟರ್‌ಹಬ್ ಹಾಕಿದೆ, ಅದರ ಸಣ್ಣ ಆವೃತ್ತಿ. ವಿದ್ಯಾರ್ಥಿ ಬ್ರೌಸರ್ ತೆರೆದು ಲಾಗಿನ್ ಆದರೆ ಅವನಿಗೊಂದು ಲಿನಕ್ಸ್ ಖಾತೆ, ಎಡಿಟರ್, ಟರ್ಮಿನಲ್, ಸಿ ಕಂಪೈಲರ್, ಪೈಥಾನ್. ಲ್ಯಾಪ್‌ಟಾಪಿನಲ್ಲಿ ಏನೂ ಇಳಿಯುವುದಿಲ್ಲ. 4 ಜಿಬಿಯ ಹಳೆಯ ಯಂತ್ರಕ್ಕೂ ಹೊಸ ಮ್ಯಾಕ್‌ಬುಕ್ಕಿಗೂ ಒಂದೇ ಪುಟ. ಹಾಕಲು ಹಿಡಿದದ್ದು ಒಂದು ಮಧ್ಯಾಹ್ನ. ಹಿಂದಿನ ಎರಡು ವಾರ ನೆನೆದು ಹೊಟ್ಟೆ ಉರಿಯಿತು.

ಮೂರನೆಯ ದಿನ ಸರ್ವರ್ ಕಲ್ಲಾಯಿತು. ಯಾರಿಗೂ ಅಕ್ಷರ ಮೂಡುವುದಿಲ್ಲ, ನನಗೂ ಒಳಹೋಗಲಾಗುತ್ತಿಲ್ಲ. ಹನ್ನೊಂದು ನಿಮಿಷ ಕಾದು ಗುಂಡಿ ಒತ್ತಿ ಆರಿಸಿ ಹಚ್ಚಿದೆ. ಆಗಿದ್ದು ಇಷ್ಟು: ಒಬ್ಬಳು ಲಿಂಕ್ಡ್ ಲಿಸ್ಟ್ (ಪ್ರತಿ ಕೊಂಡಿ, ಅಂದರೆ ನೋಡ್, ಮುಂದಿನದನ್ನು ತೋರಿಸುವ ಪಟ್ಟಿ) ಒಂದರ ನಕಲು ಮಾಡುವ ಫಂಕ್ಷನ್ ಬರೆದಿದ್ದಳು. ಮೂಲ ಪಟ್ಟಿಯ ಕೊನೆಯ ನೋಡ್ ಮುಂದೆ ಏನೂ ಇಲ್ಲ ಎನ್ನುವ ಬದಲು ತನ್ನನ್ನೇ ತೋರಿಸುತ್ತಿತ್ತು. ನಕಲು ಮುಗಿಯುವುದೇ ಇಲ್ಲ. ಪ್ರತಿ ಸುತ್ತಿಗೂ ಹೊಸ ನೋಡ್, ಹೊಸ ಜಾಗ. 64 ಜಿಬಿಯನ್ನು ಒಬ್ಬಳ ಹನ್ನೆರಡು ಸಾಲಿನ ಕೋಡ್ ನುಂಗಿ ನೀರು ಕುಡಿಯಿತು. ಅವಳ ತಪ್ಪಲ್ಲ, ಕಲಿಯುವವರು ಇಂಥದ್ದನ್ನು ಬರೆಯುತ್ತಲೇ ಇರಬೇಕು. ಒಬ್ಬೊಬ್ಬರಿಗೆ ಇಷ್ಟೇ ಮೆಮೊರಿ ಎಂದು ಮಿತಿ ಹಾಕದೆ ಕೋಣೆ ತೆರೆದವನು ನಾನು. ಈಗ ತಲೆಗೆ 1 ಜಿಬಿ. ಅದೇ ತಪ್ಪು ಆಮೇಲೆ ಎಷ್ಟೋ ಸಲ ಆಗಿದೆ. ಮಾಡಿದವರ ಪ್ರೋಗ್ರಾಂ ಮಾತ್ರ ಸಾಯುತ್ತದೆ, ಪಕ್ಕದವರಿಗೆ ಗೊತ್ತೂ ಆಗುವುದಿಲ್ಲ.

ಇನ್ನೊಂದು ದೂರು: ನಾನು ಬೋರ್ಡಿನ ಮುಂದೆ ಕಾಲು ಗಂಟೆ ಮಾತಾಡಿ ಮುಗಿಸುವಷ್ಟರಲ್ಲಿ, ಲ್ಯಾಪ್‌ಟಾಪ್ ಮುಚ್ಚಿಟ್ಟಿದ್ದವರ ಟರ್ಮಿನಲ್ ಮಾಯ. ಹತ್ತು ನಿಮಿಷ ಸುಮ್ಮನಿದ್ದ ಖಾತೆಯ ಸರ್ವರನ್ನು ಮುಚ್ಚುವುದು ಆ ತಂತ್ರಾಂಶದ ಸ್ವಭಾವ. ಒಂದು ಗಂಟೆಗೆ ಏರಿಸಿದೆ. ಮಾತನ್ನು ಹತ್ತು ನಿಮಿಷಕ್ಕೆ ಇಳಿಸಬಹುದಲ್ಲ ಸರ್ ಎಂದು ಮುಂದಿನ ಸಾಲಿನಿಂದ ಒಂದು ಸಲಹೆಯೂ ಬಂತು.

ಹಂತ 5: ನಾನು ಹಾಕಿದ ಸೊನ್ನೆಗಳು (ವಾರ 7)

ಬ್ರೌಸರಿನಲ್ಲೇ ಬರೆಯಬೇಕೆಂಬ ನಿಯಮ ಮಾಡಲಿಲ್ಲ. ತಮ್ಮ ಲ್ಯಾಪ್‌ಟಾಪಿನ ಎಡಿಟರಿಗೆ ಒಗ್ಗಿದವರು ಅಲ್ಲೇ ಬರೆದು ಜಿಪ್ ಮಾಡಿ ಕೊಡಬಹುದು. ತಿದ್ದಿ ಅಂಕ ಹಾಕುವುದು ಮಾತ್ರ ಸರ್ವರಿನಲ್ಲಿ, ಒಂದು ಸ್ಕ್ರಿಪ್ಟ್ ಮೂಲಕ. ಮೊದಲ ಅಸೈನ್‌ಮೆಂಟಿನಲ್ಲಿ ಒಂಬತ್ತು ಜನರಿಗೆ ಸೊನ್ನೆ ಬಂತು. ನೋಡದೆ ಪ್ರಕಟಿಸಿದೆ.

ಒಬ್ಬ ಲ್ಯಾಪ್‌ಟಾಪ್ ತೆರೆದುಕೊಂಡೇ ಬಂದ. "ಸರ್, ನನ್ನದರಲ್ಲಿ ಸರಿಯಾಗಿ ಓಡುತ್ತದೆ." ಈ ಮಾತನ್ನು ಹದಿನೈದು ವರ್ಷದಿಂದ ಕೇಳುತ್ತಿದ್ದೇನೆ. "ನಿನ್ನದರಲ್ಲಿ ಓಡಿದರೆ ಸಾಲದು" ಎಂದು ಕಳಿಸಿಬಿಟ್ಟೆ. ಅವನು ಬಾಗಿಲ ತನಕ ಹೋಗಿ ಮತ್ತೆ ತಿರುಗಿ ಬಂದು, ಒಮ್ಮೆ ನೋಡಿ ಎಂದ. ತಿರುಗಿ ಬಂದದ್ದಕ್ಕೆ ಅವನಿಗೆ ನಾನು ಋಣಿ.

ಪ್ರೋಗ್ರಾಂ ಮಾಡಬೇಕಾದದ್ದು ಫೈಲಿನಲ್ಲಿರುವ ಪದಗಳನ್ನು ಓದಿ, ಕೇಳಿದ ಪದ ಇದೆಯೇ ಎಂದು ಹೇಳುವುದು. ಅವನ ಯಂತ್ರದಲ್ಲಿ ಇದೆ ಎನ್ನುತ್ತಿತ್ತು, ಸರ್ವರಿನಲ್ಲಿ ಇಲ್ಲ ಎನ್ನುತ್ತಿತ್ತು. ಅದೇ ಕೋಡ್, ಅದೇ ಫೈಲ್. ಓದಿದ ಪದದ ಉದ್ದವನ್ನು ಮುದ್ರಿಸುವ ಒಂದು ಸಾಲು ಸೇರಿಸಿದೆ. ಐದಕ್ಷರದ ಪದಕ್ಕೆ ಸರ್ವರ್ ಆರು ಎಂದಿತು. ಕಣ್ಣಿಗೆ ಕಾಣದ ಆರನೆಯ ಅಕ್ಷರ ಯಾವುದು?

ದತ್ತಾಂಶದ ಫೈಲನ್ನು ನಾನು ಹಂಚಿದ್ದು ಗಿಟ್ (ಫೈಲುಗಳ ಆವೃತ್ತಿಗಳನ್ನು ಕಾಯ್ದು ಹಂಚುವ ತಂತ್ರಾಂಶ) ಮೂಲಕ. ವಿಂಡೋಸ್ ಲ್ಯಾಪ್‌ಟಾಪಿಗೆ ಇಳಿಯುವಾಗ ಗಿಟ್ ಪ್ರತಿ ಸಾಲಿನ ತುದಿಗೂ ವಿಂಡೋಸ್ ಪದ್ಧತಿಯಂತೆ ಒಂದು ಹೆಚ್ಚುವರಿ ಅಕ್ಷರ ಸೇರಿಸಿತ್ತು. ವಿಂಡೋಸಿನಲ್ಲಿ ಓದುವಾಗ ಅದು ತಾನಾಗಿ ಕಳಚಿಹೋಗುತ್ತದೆ, ಆದ್ದರಿಂದ ಅವನಿಗೆ ಕಾಣಲಿಲ್ಲ. ಅದೇ ಫೈಲನ್ನು ಜಿಪ್ ಮಾಡಿ ಕೊಟ್ಟಾಗ ಹಾಗೆಯೇ ಲಿನಕ್ಸ್ ಸರ್ವರಿಗೆ ಬಂತು. ಲಿನಕ್ಸ್ ಅದನ್ನು ಪದದ ಭಾಗವೆಂದೇ ಓದಿತು. ತಿದ್ದುವ ಸ್ಕ್ರಿಪ್ಟ್ ನನ್ನ ಮೂಲ ಫೈಲನ್ನು ಬಳಸಬೇಕಿತ್ತು; ಸೋಮಾರಿತನದಿಂದ ಅವರ ಜಿಪ್ಪಿನೊಳಗಿದ್ದದ್ದನ್ನೇ ಬಳಸುವಂತೆ ಬರೆದಿದ್ದೆ.

ಒಂಬತ್ತರಲ್ಲಿ ಐದು ಇದೇ ಕತೆ. ಮೂವರು ಹೆಡರ್ ಫೈಲಿನ (ಕೋಡಿಗೆ ಹೊರಗಿಂದ ಸೇರಿಸಿಕೊಳ್ಳುವ ಫೈಲು) ಹೆಸರನ್ನು ಕೋಡಿನಲ್ಲಿ ದೊಡ್ಡ ಅಕ್ಷರದಿಂದ, ಫೈಲಿನಲ್ಲಿ ಚಿಕ್ಕ ಅಕ್ಷರದಿಂದ ಬರೆದಿದ್ದರು. ವಿಂಡೋಸ್ ಮತ್ತು ಮ್ಯಾಕ್‌ಗಳು ಸಾಮಾನ್ಯವಾಗಿ ಆ ಭೇದ ಎಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ. ನಿಜವಾದ ಸೊನ್ನೆ ಒಂದೇ ಇತ್ತು. ಎಂಟು ಜನರ ಅಂಕ ತಿದ್ದಿ, ತರಗತಿಯಲ್ಲಿ ಎದ್ದುನಿಂತು ತಪ್ಪು ನನ್ನದು ಎಂದೆ. ಗಿಟ್ ಭಂಡಾರದ ಗುಣಲಕ್ಷಣಗಳ ಫೈಲಿನಲ್ಲಿ ಸಾಲಿನ ತುದಿ ಸದಾ ಲಿನಕ್ಸ್ ಪದ್ಧತಿಯದ್ದೇ ಇರಲಿ ಎಂಬ ಒಂದು ಸಾಲು ಸೇರಿಸಿದೆ. ತಿದ್ದುವ ಸ್ಕ್ರಿಪ್ಟನ್ನು ಕೊಡುವ ಮೊದಲೇ ತಾವೇ ಓಡಿಸಿ ನೋಡುವಂತೆ ವಿದ್ಯಾರ್ಥಿಗಳಿಗೂ ತೆರೆದಿಟ್ಟೆ. ಅದಾದ ಮೇಲೆ "ನನ್ನದರಲ್ಲಿ ಓಡುತ್ತದೆ" ಎಂದು ಬಂದವರು ಇಬ್ಬರೇ.

ಹಂತ 6: ಹಿಂದಿನ ಸಾಲು (ವಾರ 8 ಮತ್ತು 9)

ತಂಡ ತಂಡಗಳನ್ನು ಸೇರಿಸಿದರೆ ಲ್ಯಾಪ್‌ಟಾಪ್ ಇಲ್ಲದವರು ಏಳು ಜನ. ಅವರಿಗೆಂದೇ ಹಿಂದಿನ ಸಾಲಿನಲ್ಲಿ ಹತ್ತು ಡೆಸ್ಕ್‌ಟಾಪ್ ಉಳಿಸಿದ್ದೆನಲ್ಲ, ವ್ಯವಸ್ಥೆ ಸರಿಯಾಗಿದೆ ಎಂದುಕೊಂಡಿದ್ದೆ. ಎಂಟನೆಯ ವಾರ ಗಮನಿಸಿದೆ: ಆ ಹುಡುಗರು ಎಲ್ಲರಿಗಿಂತ ಹತ್ತು ನಿಮಿಷ ಮುಂಚೆ ಬಂದು ಕೂತುಬಿಡುತ್ತಾರೆ, ಎಲ್ಲರೂ ಹೋದ ಮೇಲೆ ಏಳುತ್ತಾರೆ. ಶ್ರದ್ಧೆ ಎಂದುಕೊಂಡೆ. ಒಂದು ದಿನ ಅವರಲ್ಲೊಬ್ಬಳು ಕೇಳಿದಳು: "ಸರ್, ಬೋರ್ಡು ಕಾಣುವುದಿಲ್ಲ. ನಾನು ಮುಂದೆ ಕೂತು ಬರೆದುಕೊಂಡು, ಆಮೇಲೆ ಹಿಂದೆ ಹೋಗಿ ಟೈಪ್ ಮಾಡಲೇ?"

ಯಾರ ಬಳಿ ಲ್ಯಾಪ್‌ಟಾಪ್ ಇಲ್ಲ ಎಂಬುದನ್ನು ಇಡೀ ತರಗತಿಗೆ ಸಾಲು ಹಾಕಿ ತೋರಿಸುವ ಏರ್ಪಾಡನ್ನು ನಾನೇ, ಅಳತೆ ಟೇಪು ಹಿಡಿದು, ಅಚ್ಚುಕಟ್ಟಾಗಿ ಮಾಡಿಟ್ಟಿದ್ದೆ.

ಶನಿವಾರ ಎಲ್ಲ ಕಿತ್ತೆ. ಹತ್ತು ಡೆಸ್ಕ್‌ಟಾಪುಗಳನ್ನು ನಾಲ್ಕು ಸಾಲುಗಳಿಗೆ ಮೂರು, ಎರಡು, ಮೂರು, ಎರಡರಂತೆ ಹಂಚಿದೆ. ಮೇಜಿನ ಆಳ 60 ಸೆಂಟಿಮೀಟರ್. ಮಾನಿಟರಿನ ಪಾದ 22, ಅದರ ಮುಂದೆ ಲ್ಯಾಪ್‌ಟಾಪಿಗೆ 24, ಉಳಿದ 14ರಲ್ಲಿ ಮಣಿಕಟ್ಟು. ಇಕ್ಕಟ್ಟು ನಿಜ, ಸಾಲದು ಎನ್ನುವಂತಿಲ್ಲ. ಸಿಪಿಯು ಪೆಟ್ಟಿಗೆಯನ್ನು ಮೇಜಿನ ಕೆಳಗೆ ಕಬ್ಬಿಣದ ಪಟ್ಟಿಯಲ್ಲಿ ತೂಗುಹಾಕಿದೆ. ಮೊದಲು ಹಾಕಿದ ಸ್ಕ್ರೂ 12 ಮಿಲಿಮೀಟರಿನದು. ಹಲಗೆಯಿಂದ ಕಿತ್ತುಕೊಂಡು ಪೆಟ್ಟಿಗೆ ನನ್ನ ಕಾಲಿನ ಪಕ್ಕದಲ್ಲೇ ಬಿತ್ತು. ಆಮೇಲೆ ಆರ್‌ಪಾರ್ (ಹಲಗೆಯನ್ನು ದಾಟಿ ಹೊರಬರುವ) ಬೋಲ್ಟು ಹಾಕಿ, ಮೇಲೆ ವಾಷರ್ ಕೊಟ್ಟೆ.

ಎಲ್ಲ ಮಾನಿಟರುಗಳೂ ಎಲ್ಲರ ಬಳಕೆಗೆ. ಡೆಸ್ಕ್‌ಟಾಪ್ ಇರುವ ಕಡೆ ಮಾನಿಟರಿನ ಒಂದು ಕಿಂಡಿಗೆ ಡೆಸ್ಕ್‌ಟಾಪ್, ಎಚ್‌ಡಿಎಂಐ ಕಿಂಡಿಗೆ ಹೊರಗಿಂದ ಸಿಕ್ಕಿಸುವ ಕೇಬಲ್. ಲ್ಯಾಪ್‌ಟಾಪ್ ತಂದವರು ಅದನ್ನು ಎರಡನೆಯ ಪರದೆಯಾಗಿ ಬಳಸುತ್ತಾರೆ; ಹಾಗಾಗಿ ಯಾವ ಮೇಜಿನಲ್ಲಿ ನೋಡಿದರೂ ಉರಿಯುತ್ತಿರುವ ಮಾನಿಟರ್, ಅದೇ ಬ್ರೌಸರ್ ಪುಟ. ಯಾರ ಯಂತ್ರ ಯಾವುದು ಎಂಬುದು ಬಗ್ಗಿ ನೋಡಿದರೆ ಮಾತ್ರ ತಿಳಿಯುತ್ತದೆ. ಮೂರನೆಯ ಹಂತದಲ್ಲಿ ಹಟ ಹಿಡಿದು ಗೆದ್ದಿದ್ದರೆ, ಪ್ರತಿಯೊಬ್ಬರ ಯಂತ್ರದೊಳಗೆ ಅವರವರ ಲ್ಯಾಬು ಇರುತ್ತಿತ್ತು, ಈ ಅದಲುಬದಲು ಸಾಧ್ಯವೇ ಇರುತ್ತಿರಲಿಲ್ಲ.

ಕೇಬಲ್ ತುದಿ ಪದೇ ಪದೇ ಮೇಜಿನ ಹಿಂದೆ ಜಾರಿ ಬೀಳುತ್ತಿತ್ತು. ಅಂಚಿಗೆ ಬೈಂಡರ್ ಕ್ಲಿಪ್ ಕಚ್ಚಿಸಿ, ಅದರ ತಂತಿಯ ಕಿವಿಯೊಳಗೆ ಕೇಬಲ್ ತೂರಿಸಿದ ಮೇಲೆ ನಿಂತಿತು. ತಂತಿಯನ್ನು ಒಮ್ಮೆ ಬಿಚ್ಚಿ, ಕೇಬಲ್ ಒಳಗಿಟ್ಟು ಮತ್ತೆ ಸೇರಿಸಬೇಕು. ಪ್ಲಗ್ಗು ಅದರಲ್ಲಿ ತೂರುವುದಿಲ್ಲ. ಯುಎಸ್‌ಬಿ-ಸಿ ಕಿಂಡಿ ಮಾತ್ರ ಇರುವ ತೆಳ್ಳನೆಯ ಲ್ಯಾಪ್‌ಟಾಪುಗಳಿಗೆ ಅಡಾಪ್ಟರ್ ಐದು ತಂದೆ. ಎರಡು ಲ್ಯಾಪ್‌ಟಾಪುಗಳಲ್ಲಿ ಕಿಂಡಿ ಅದೇ ಆಕಾರದ್ದು, ಚಿತ್ರ ಮಾತ್ರ ಬರಲಿಲ್ಲ. ಆ ಕಿಂಡಿಗಳೆಲ್ಲ ವಿಡಿಯೊ ಸಾಗಿಸುವುದಿಲ್ಲ ಎಂಬುದನ್ನು ಅಡಾಪ್ಟರ್ ಬದಲಿಸಿ ಬದಲಿಸಿ ಕಲಿತೆ.

ಹಂತ 7: ಪರೀಕ್ಷೆಯ ತಾಲೀಮು (ವಾರ 10 ಮತ್ತು 11)

ಪ್ರಾಯೋಗಿಕ ಪರೀಕ್ಷೆಗೆ ಬೇರೆಯೇ ಜಾಲ: ಅದರಿಂದ ನಮ್ಮ ಸರ್ವರ್ ಬಿಟ್ಟು ಬೇರೆಲ್ಲೂ ಹೋಗಲಾಗದು. ಆದರೆ ಲ್ಯಾಪ್‌ಟಾಪಿನೊಳಗೆ ಮೊದಲೇ ಇರುವ ಟಿಪ್ಪಣಿಯನ್ನಾಗಲಿ, ಮೊಬೈಲಿನಿಂದ ಹಂಚಿಕೊಂಡ ಇಂಟರ್ನೆಟ್ಟನ್ನಾಗಲಿ ಜಾಲ ತಡೆಯಲಾರದು. ಕಾವಲು ತಂತ್ರಾಂಶ ಹಾಕಿಸೋಣ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಐದನೆಯ ವಾರದಲ್ಲಿ ಬರೆದಿಟ್ಟ ಸಾಲನ್ನು ತೋರಿಸಿದೆ. ಕಡೆಗೆ ಒಪ್ಪಿದ್ದು: ಟಿಪ್ಪಣಿ ನೋಡಬಹುದಾದ ಪ್ರಶ್ನೆಪತ್ರಿಕೆ, ಕೋಣೆಯಲ್ಲಿ ಇಬ್ಬರು ಮೇಲ್ವಿಚಾರಕರು, ಮೊಬೈಲ್ ಆರಿಸಿ ಬಾಗಿಲ ಬಳಿಯ ಡಬ್ಬದಲ್ಲಿ, ಕೊನೆಗೆ ಬರೆದ ಕೋಡಿನ ಬಗ್ಗೆ ಒಬ್ಬೊಬ್ಬರಿಗೂ ಐದು ನಿಮಿಷದ ಮೌಖಿಕ. ಪೂರ್ತಿ ಬಿಗಿಯಾಗಿದೆ ಎಂದು ಹೇಳಲಾರೆ. ಡೆಸ್ಕ್‌ಟಾಪಿನ ಕಾಲದಲ್ಲೂ ಪೆನ್‌ಡ್ರೈವ್ ಬರುತ್ತಿತ್ತು.

ಮೊನ್ನೆ 36 ಜನರಿಗೆ ತಾಲೀಮು ಪರೀಕ್ಷೆ ಇಟ್ಟೆ. ನಲವತ್ತನೆಯ ನಿಮಿಷದಲ್ಲಿ ಎರಡನೆಯ ಸಾಲಿನ ಹುಡುಗನ ಲ್ಯಾಪ್‌ಟಾಪ್ ಅಪ್‌ಡೇಟ್ ಎನ್ನುತ್ತ ತಾನೇ ಆರಿಹೋಯಿತು. ಪರದೆಯ ಮೇಲೆ ಚಕ್ರ ತಿರುಗುತ್ತಿದೆ, ಶೇಕಡಾ 12 ಎಂದಿದೆ, ಅವನ ಮುಖ ಬಿಳಿಚಿಕೊಂಡಿದೆ. ಪಕ್ಕದ ಮೇಜಿನ ಡೆಸ್ಕ್‌ಟಾಪ್ ಖಾಲಿ ಇತ್ತು. ಅಲ್ಲಿ ಕೂತು ಲಾಗಿನ್ ಆದ. ಎಡಿಟರ್ ಎರಡು ನಿಮಿಷಕ್ಕೊಮ್ಮೆ ತಾನೇ ಉಳಿಸಿಕೊಳ್ಳುವುದರಿಂದ ಕಳೆದುಹೋಗಿದ್ದು ಕೊನೆಯ ನಾಲ್ಕು ಸಾಲು. ಎದ್ದು, ಕೂತು, ಮತ್ತೆ ಬರೆಯಲು ಶುರು ಮಾಡುವುದಕ್ಕೆ ಹಿಡಿದದ್ದು ಮೂರು ನಿಮಿಷ. ಅವನಿಗೆ ಐದು ಕೊಟ್ಟೆ.

ಬಾಕಿ ಇರುವುದು: ಮೂರನೆಯ ಸಾಲಿನ ಏಳನೆಯ ಮೇಜಿನ ಎಡ ಸಾಕೆಟ್ ಸಡಿಲ, ಟೇಪು ಅಂಟಿಸಿ ಮುಚ್ಚಿದ್ದೇನೆ, ಎಲೆಕ್ಟ್ರಿಷಿಯನ್ ಮಂಗಳವಾರ ಬರುತ್ತಾರೆ. ಪರೀಕ್ಷೆ ಗುರುವಾರ.